ಡಿಕ್ಕಿಯ ಮೇಲಿನ ಹೆಸರು

ನಮ್ಮ ತಂದೆಯವರ ಕಾರಿಗೆ ಬಣ್ಣ ಹೊಡೆಯಲು ಕೊಟ್ಟು ಹದಿನೆಂಟು ದಿನವಾದ ಮೇಲೆ ಹೋಗಿ ನೋಡಿದರೆ, ಅದು ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಆದರೆ ಡಿಕ್ಕಿಯ ಮೇಲೆ ಹೆಸರಿರಲಿಲ್ಲ. ಹೆಸರಿದ್ದ ಜಾಗದಲ್ಲಿ ತೂತುಗಳೂ ಇರಲಿಲ್ಲ. ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆದು, ಅಲ್ಲಿ ಎಂದಾದರೂ ಏನಾದರೂ ಇತ್ತೇ ಎಂಬ ಅನುಮಾನವೂ ಬಾರದಂತೆ ಮಾಡಿದ್ದರು. "ಮೋನೋಗ್ರಾಂ ಎಲ್ಲಪ್ಪಾ?" ಎಂದೆ. ಹುಡುಗನೊಬ್ಬ ಪ್ಲಾಸ್ಟಿಕ್ ಕವರೊಂದನ್ನು ತಂದು ಕೈಗಿಟ್ಟ. ಒಳಗೆ 'ಪ್ರೀಮಿಯರ್' ಮತ್ತು 'ಪದ್ಮಿನಿ'. ಹಿಂದಿನ ಕಡ್ಡಿಗಳು ಮುಕ್ಕಾಲು ಪಾಲು ಮುರಿದಿದ್ದವು. "ಅದನ್ನೇನ್ ಮಾಡ್ತೀರ ಬಿಡಿ ಸಾರ್, ಪ್ಲೇನ್ ಇದ್ರೇನೇ ಲುಕ್ಕು" ಎಂದ ಮೇಸ್ತ್ರಿ.

ಅವತ್ತು ನಾನು ಏನೂ ಮಾತಾಡದೆ ದುಡ್ಡು ಕೊಟ್ಟು ಬಂದೆ. ಆಡದೆ ಉಳಿದದ್ದನ್ನು ಈಗ ಆಡುತ್ತಿದ್ದೇನೆ.

ಹಳೆಯ ಕಾರಿನ ಹೆಸರನ್ನು ಬಿಚ್ಚುವುದು ಬ್ರಹ್ಮವಿದ್ಯೆಯಲ್ಲ. ಅಕ್ಷರಗಳ ಬೆನ್ನಿಗೆ ಕಡ್ಡಿಗಳಿರುತ್ತವೆ. ಅವು ತಗಡಿನ ತೂತಿನಲ್ಲಿ ಹಾದು ಒಳಗಡೆ ಸ್ಪ್ರಿಂಗ್ ಕ್ಲಿಪ್ಪಿನಲ್ಲೋ ನಟ್ಟಿನಲ್ಲೋ ಕೂತಿರುತ್ತವೆ. ಡಿಕ್ಕಿ ಎತ್ತಿ, ಒಳಗಿನಿಂದ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟು, ಕ್ಲಿಪ್ಪನ್ನು ಒಳಗಿನಿಂದಲೇ ಸಡಿಲಿಸಬೇಕು. ಈ ಅಕ್ಷರಗಳು ಕಬ್ಬಿಣದವಲ್ಲ. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮೇಲೆ ಕ್ರೋಮ್ ಹಚ್ಚಿದವು. ವಯಸ್ಸಾದ ಹಾಗೆ ಪೆಡಸಾಗುತ್ತವೆ. ಹೊರಗಿನಿಂದ ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಟಕ್ಕೆಂದು ಮುರಿಯದೆ ಇನ್ನೇನಾಗುತ್ತದೆ? ಒಂದು ರಾತ್ರಿ ಕಾಯುವ ತಾಳ್ಮೆಯಿಲ್ಲದವನು ಕಡ್ಡಿ ಮುರಿಯುತ್ತಾನೆ, ಕಡ್ಡಿ ಮುರಿದದ್ದನ್ನು ಮುಚ್ಚಲು ತೂತು ತುಂಬುತ್ತಾನೆ, ತೂತು ತುಂಬಿದ್ದಕ್ಕೆ 'ಲುಕ್ಕು' ಎಂದು ಹೆಸರಿಡುತ್ತಾನೆ. ಬಿಚ್ಚದೆಯೇ ಸುತ್ತ ಪೇಪರ್ ಟೇಪ್ ಅಂಟಿಸಿ ಬಣ್ಣ ಎರಚುವವರದು ಇನ್ನೊಂದು ಪಂಗಡ. ಅಂಚಿನಲ್ಲಿ ಬಣ್ಣ ದಿಣ್ಣೆ ಕಟ್ಟುತ್ತದೆ, ಅಡಿಯಲ್ಲಿ ತುಕ್ಕು ತನ್ನ ಪಾಡಿಗೆ ತಾನು ತಿನ್ನುತ್ತಿರುತ್ತದೆ.

ಗ್ಯಾರೇಜಿನವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಗಿರಾಕಿ ಕೇಳಿದ್ದರೆ ಅವರೂ ಕಾಯುತ್ತಿದ್ದರು. ನನ್ನ ನಿಜವಾದ ಜಗಳ ಇರುವುದು ನಮ್ಮವರ ಜೊತೆಗೆ, ಅಂದರೆ ಹಳೆಯ ಕಾರನ್ನು ಪ್ರೀತಿಸುತ್ತೇವೆಂದು ಹೇಳಿಕೊಳ್ಳುವವರ ಜೊತೆಗೆ. ನಮ್ಮ ಅಕ್ಕನ ಮಗ ಅಂಥವನು. ಕಾರಿನ ಬೋಳು ಬೆನ್ನು ನೋಡಿ ಅವನಿಗೆ ನನಗಿಂತ ಹೆಚ್ಚು ಸಂಕಟವಾಯಿತು. ಮುಂದಿನ ವಾರವೇ ಬೆಂಗಳೂರಿನ ಜೆ.ಸಿ. ರಸ್ತೆಯೆಲ್ಲ ಅಲೆದು ಒಂದು ಪೊಟ್ಟಣ ತಂದ. ಬಿಚ್ಚಿದರೆ ಫಳಫಳ ಹೊಳೆಯುವ 'ಫಿಯಟ್'. ಹಿಂದೆ ಎರಡೂ ಕಡೆ ಅಂಟುವ ಟೇಪು. "ತೂತೂ ಬೇಡ, ಕ್ಲಿಪ್ಪೂ ಬೇಡ ಮಾವ. ಹಿಂದಿನ ಹೆಸರಿಗಿಂತ ಇದಕ್ಕೇ ಬೆಲೆ ಜಾಸ್ತಿ. ಮಾರೋಕೆ ಹೋದ್ರೂ ಇಟಲಿ ಗಾಡಿ ಅಂತ ಎರಡು ಕಾಸು ಹೆಚ್ಚೇ ಬರುತ್ತೆ" ಎಂದ.

ಇಟಲಿ ಗಾಡಿ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ. ಈ ಕಾರು ಇಟಲಿಯನ್ನು ಕಣ್ಣಿನಿಂದಲೂ ಕಂಡದ್ದಲ್ಲ. ನಕ್ಷೆ ಅಲ್ಲಿಯದು, ಒಪ್ಪುತ್ತೇನೆ. 1964ರ ಹೊತ್ತಿಗೆ ಬಂದ 1100 ಡಿಲೈಟ್ ಫಿಯಟ್ ಹೆಸರಿನಲ್ಲೇ ಓಡಿತು, ಅದೂ ಸರಿ. ಆದರೆ 1972ರಲ್ಲಿ ಅದೇ ಗಾಡಿ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ನಮ್ಮದು 1982ರದು. ಮುಂಬಯಿಯ ಕುರ್ಲಾದಲ್ಲಿ ಮೈಮುರಿದು ದುಡಿದವರು ಕಟ್ಟಿದ ಗಾಡಿ. ಆರ್.ಸಿ. ಪುಸ್ತಕದಲ್ಲಿ ತಯಾರಕರ ಹೆಸರಿನ ಎದುರು ಏನಿದೆ ಎಂದು ನನ್ನ ಸೋದರಳಿಯ ಒಮ್ಮೆ ತೆರೆದು ನೋಡಬಹುದಿತ್ತು.

ಈ 'ಪ್ರೀಮಿಯರ್' ಎಂಬ ಮಾತನ್ನು ಕಿತ್ತೆಸೆಯಲು ಉಳಿದವರಿಗೆ ಹಕ್ಕಿದ್ದರೂ ಕನ್ನಡಿಗನಿಗಿಲ್ಲ ಎಂಬುದು ನನ್ನ ಹಟ. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ವಿಶ್ವೇಶ್ವರಯ್ಯನವರು ಈ ದೇಶದಲ್ಲೊಂದು ಮೋಟಾರು ಕಾರ್ಖಾನೆಯಾಗಬೇಕೆಂದು ಯೋಜನೆ ಬರೆದರು. ಅದಕ್ಕಾಗಿ ಯುರೋಪು, ಅಮೆರಿಕ ಸುತ್ತಿದರು. ವಾಲಚಂದ್ ಹೀರಾಚಂದರು ಜೊತೆಯಾದರು. ಮೈಸೂರು ಸಂಸ್ಥಾನಕ್ಕೆ ಮನಸ್ಸಿತ್ತು. ಬ್ರಿಟಿಷ್ ಸರ್ಕಾರಕ್ಕೆ ಇರಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಶುರುಮಾಡಿದರು; ಮೋಟಾರಿನದು 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ಹುಟ್ಟಿತು. ನಮ್ಮ ನೆಲದಲ್ಲಿ ಏಳಬೇಕಾಗಿದ್ದು ಏಳಲಿಲ್ಲ. ಎದ್ದದ್ದರ ಹೆಸರು ಡಿಕ್ಕಿಯ ಮೇಲೆ ಆರಂಗುಲ ಉಳಿದಿತ್ತು. ಅದನ್ನೂ ನಾವೇ ಮೀಟಿ ತೆಗೆದು ಇಟಲಿಯ ಹೆಸರನ್ನು ಟೇಪಿನಿಂದ ಅಂಟಿಸಿಕೊಳ್ಳಬೇಕೆ?

"ಮಾವ, ತಾತನೂ ಫಿಯಟ್ ಅಂತಾನೇ ಕರೀತಿದ್ದಿದ್ದು" ಎಂದ ಹುಡುಗ. ಇದಕ್ಕೆ ನಾನು ಒಂದು ಕ್ಷಣ ನಿರುತ್ತರನಾದೆ. ನಿಜ. ಕೋರ್ಟಿಗೆ ಹೊರಡುವಾಗ "ಫಿಯಟ್ ತೆಗಿ" ಎನ್ನುತ್ತಿದ್ದರೇ ಹೊರತು ಪದ್ಮಿನಿ ಎಂದದ್ದನ್ನು ನಾನು ಕೇಳಿಲ್ಲ. ಹಾಸನದಲ್ಲಿ ಯಾರೂ ಅನ್ನುತ್ತಿರಲಿಲ್ಲ. ಆದರೆ ಬಾಯಲ್ಲಿ ಕರೆಯುವುದು ಬೇರೆ, ಬರೆದದ್ದನ್ನು ತಿದ್ದುವುದು ಬೇರೆ. ನನ್ನನ್ನು ಮನೆಯಲ್ಲಿ ಎಲ್ಲರೂ ಪುಟ್ಟು ಎನ್ನುತ್ತಾರೆ. ಹಾಗೆಂದು ಶಾಲೆಯ ಸರ್ಟಿಫಿಕೇಟಿನಲ್ಲಿ ಅಳಿಸಿ ಬರೆದರೆ ಸುಮ್ಮನಿರುತ್ತೇನೆಯೇ? ಅಪ್ಪ ಫಿಯಟ್ ಎನ್ನುತ್ತಲೇ ಭಾನುವಾರ ಬೆಳಿಗ್ಗೆ ಹಳೆಯ ಬ್ರಷ್ಷಿಗೆ ಹಲ್ಲುಪುಡಿ ಹಾಕಿಕೊಂಡು ಆ ಇಂಗ್ಲಿಷ್ ಅಕ್ಷರಗಳ ಸಂದುಗೊಂದನ್ನು ತಿಕ್ಕುತ್ತಿದ್ದರು. ಕೊನೆಯ ವರ್ಷ ಬಗ್ಗಲಾಗದೆ ಸ್ಟೂಲ್ ಹಾಕಿಕೊಂಡು ಕೂತು ತಿಕ್ಕಿದರು.

ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ತಿಂಗಳಲ್ಲಿ ರಸ್ತೆಯಿಂದ ಇಳಿದವು. ಉಳಿದಿರುವುದು ಇಂಥ ಮನೆಗಾಡಿಗಳು. ಇವನ್ನೂ ಫಿಯಟ್ ಮಾಡಿಬಿಟ್ಟರೆ, ಮುಂದೆ ನೋಡುವವರಿಗೆ ಇಂಥ ಹೆಸರಿನದೊಂದು ಕಾರು ಇತ್ತೆಂದು ತೋರಿಸಲು ಏನಿರುತ್ತದೆ?

ಕೊನೆಗೆ ಆ ಹುಡುಗನನ್ನೇ ಕೂರಿಸಿಕೊಂಡು ಕೆಲಸ ಮಾಡಿದೆ. ಡಿಕ್ಕಿಯ ಒಳಗಿನಿಂದ ಟಾರ್ಚ್ ಬಿಟ್ಟರೆ ಪುಟ್ಟಿ ತುಂಬಿದ ತೂತುಗಳು ಬಿಳಿಯ ಚುಕ್ಕೆಗಳಾಗಿ ಕಂಡವು. ಮೇಸ್ತ್ರಿ ಹೊರಗೆ ಅಳಿಸಿದ್ದ, ಒಳಗೆ ಬಿಟ್ಟಿದ್ದ. ಮುರಿದ ಕಡ್ಡಿಗಳ ಜಾಗಕ್ಕೆ ಸಣ್ಣ ಹಿತ್ತಾಳೆ ಸ್ಕ್ರೂಗಳನ್ನು ಎಂ-ಸೀಲ್ ಹಾಕಿ ಕೂರಿಸಿ ಎರಡು ದಿನ ಒಣಗಿಸಿದೆವು. ಕಾಗದದ ಮೇಲೆ ಅಕ್ಷರಗಳನ್ನಿಟ್ಟು ಸ್ಕ್ರೂಗಳ ಗುರುತು ಮಾಡಿಕೊಂಡು ಹೊರಗೆ ಅಂಟಿಸಿ ನೋಡಿದರೆ, 'ಪದ್ಮಿನಿ'ಯ ಕೊನೆಯ ತೂತು ಮಾತ್ರ ಅರ್ಧ ಬೆರಳು ಕೆಳಗಿತ್ತು. "ಇದು ಸೊಟ್ಟ ಇದೆ ಮಾವ, ನೇರ ಮಾಡ್ಲಾ?" ಎಂದ. ಹಿಂದೊಮ್ಮೆ ಎತ್ತಿನಗಾಡಿಯ ಮೂಕಿ ತಗುಲಿ ಅಕ್ಷರ ಕಿತ್ತು ಬಂದಾಗ ಅಪ್ಪ ತಾವೇ ಕೈಯಾರೆ ಕೊರೆದ ತೂತು ಅದು. "ಅಲ್ಲೇ ಕೊರಿ" ಎಂದೆ. ಕೊರೆದ. ನೀರು ಇಳಿಯದಂತೆ ಅಂಚಿಗೆ ಪ್ರೈಮರ್ ಮುಟ್ಟಿಸಿ, ರಬ್ಬರ್ ವಾಷರ್ ಕೊಟ್ಟು, ನಟ್ಟನ್ನು ಬೆರಳಿನಲ್ಲಷ್ಟೇ ಬಿಗಿದೆವು. ಸ್ಪ್ಯಾನರ್ ಹಾಕಿದರೆ ಮತ್ತೆ ಮುರಿಯುತ್ತಿತ್ತು.

ಜೆ.ಸಿ. ರಸ್ತೆಯ 'ಫಿಯಟ್' ಇನ್ನೂ ಪೊಟ್ಟಣದಲ್ಲೇ ಇದೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ಅರವತ್ತರ ದಶಕದ ಅಸಲಿ ಡಿಲೈಟ್ ಇದ್ದು, ಅದರ ಹೆಸರು ಕಳೆದುಹೋಗಿದ್ದರೆ ಬಂದು ತೆಗೆದುಕೊಂಡು ಹೋಗಬಹುದು, ಕಾಸು ಬೇಡ. ಆ ಟೇಪು ಮಾತ್ರ ಕಿತ್ತುಹಾಕಿ.