ಕಾಡಿಗೆ ಎಷ್ಟು ದಿನ?

ಮಳೆ ಹಿಂದೆ ಸರಿದು ಭತ್ತದ ಕೊಯಿಲು ಹತ್ತಿರವಾಗುತ್ತಿದ್ದಂತೆ ನಮ್ಮ ಶಾಲೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಕುಂಸಿ, ಆಯನೂರು, ಚೋರಡಿಗಳ ಕಡೆಯಿಂದ ಈ ದಿನಗಳಲ್ಲಿ ನಮ್ಮ ಬಳಗಕ್ಕೆ ಬರುವ ವಿಚಾರಣೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ: ಮಕ್ಕಳನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯಬೇಕೆಂದಿದ್ದೇವೆ, ಅದಕ್ಕೆ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು? ಕೇಳುವವರ ಮನಸ್ಸಿನಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. ಶೃಂಗೇರಿಯಲ್ಲಿ ದರ್ಶನ, ಪ್ರಸಾದ, ಅನಂತರ ಕುದುರೆಮುಖ, ಸಂಜೆಗೆ ಕಳಸ, ರಾತ್ರಿ ಹೊರನಾಡು. ಅಂದರೆ ಆರುನೂರು ಚದರ ಕಿಲೋಮೀಟರ್ ವಿಸ್ತಾರದ ಕಾಡಿನ ಪಾಲಿಗೆ ಉಳಿಯುವುದು ಶೃಂಗೇರಿಯ ಊಟಕ್ಕೂ ಹೊರನಾಡಿನ ಊಟಕ್ಕೂ ನಡುವಿನ ಅವಧಿ!

ಇದನ್ನು ಪ್ರವಾಸದ ಸಣ್ಣ ವಿವರವೆಂದು ತಳ್ಳಿಹಾಕುವಂತಿಲ್ಲ. ನಮ್ಮ ಹೋಬಳಿಯ ಮಕ್ಕಳು ಶೆಟ್ಟಿಹಳ್ಳಿ ಅಭಯಾರಣ್ಯದ ಆಸುಪಾಸಿನಲ್ಲಿಯೇ ಬೆಳೆಯುವವರು. ನಾಳೆ ಗ್ರಾಮಸಭೆಯಲ್ಲಿ ಕುಳಿತು ಬೆಟ್ಟ, ಕಾನು, ಗೋಮಾಳಗಳ ವಿಷಯದಲ್ಲಿ ಕೈಯೆತ್ತುವವರು ಅವರೇ. ಆನೆ ಗದ್ದೆಗೆ ಇಳಿದ ಮರುದಿನ ಏನು ಮಾಡಬೇಕೆಂದು ನಿರ್ಧರಿಸುವವರೂ ಅವರೇ. ಕಾಡೆಂದರೆ ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ಓಡುವ ಹಸಿರು ಗೋಡೆ ಎಂಬ ತಿಳಿವಳಿಕೆಯೊಂದಿಗೆ ಅವರು ಆ ಸಭೆಗೆ ಬಂದರೆ ಅದರ ಬೆಲೆಯನ್ನು ತೆರುವುದು ಕಾಡು ಮತ್ತು ಕೃಷಿ ಎರಡೂ.

ಮೊದಲು ಸರಳ ಲೆಕ್ಕ ನೋಡೋಣ. ಕುಂಸಿಯಿಂದ ಶಿವಮೊಗ್ಗ, ತೀರ್ಥಹಳ್ಳಿ, ಶೃಂಗೇರಿ ಮಾರ್ಗವಾಗಿ ಕುದುರೆಮುಖಕ್ಕೆ ಘಟ್ಟದ ರಸ್ತೆಯಲ್ಲಿ ಶಾಲೆಯ ಬಸ್ಸಿಗೆ ಐದು ಗಂಟೆಯಾದರೂ ಬೇಕು. ಬೆಳಗಿನ ಐದಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವುದಾದರೆ ಹದಿನಾರು ಗಂಟೆಗಳಲ್ಲಿ ಹತ್ತು ಗಂಟೆ ಚಕ್ರದ ಮೇಲೆಯೇ ಕಳೆಯುತ್ತದೆ. ಉಳಿದ ಆರರಲ್ಲಿ ಊಟ, ಉಪಾಹಾರ, ಹಾಜರಿ, ವಾಂತಿ ಮಾಡಿಕೊಂಡವರ ಆರೈಕೆ ಇವೆಲ್ಲ ಕಳೆದರೆ ಮೂರೂವರೆ ಗಂಟೆ ದಕ್ಕೀತು. ಅದೂ ಹತ್ತರಿಂದ ಮೂರರ ನಡುವಿನದು. ಕಾಡಿನಲ್ಲಿ ಬಹುಪಾಲು ಜೀವಿಗಳು ನೆರಳು ಸೇರಿ ಸುಮ್ಮನಿರುವ ವೇಳೆ ಅದು. ಹಕ್ಕಿಗಳು ಚುರುಕಾಗಿರುವುದು ಸೂರ್ಯೋದಯದ ನಂತರದ ಎರಡು ಮೂರು ಗಂಟೆ, ಮತ್ತೆ ಸಂಜೆಯ ಎರಡು ಗಂಟೆ. ಸಸ್ತನಿಗಳಲ್ಲಿ ಹಲವು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಹೊರಬರುತ್ತವೆ. ಹೀಗಾಗಿ ಒಂದು ದಿನದ ಪ್ರವಾಸವೆಂದು ನಾವು ಕರೆಯುವುದರಲ್ಲಿ ಕಾಡಿನ ದಿನ ಒಂದು ಗಂಟೆಯಷ್ಟೂ ಇರುವುದಿಲ್ಲ. ಇನ್ನು ಉದ್ಯಾನದ ಒಳಗೆ ಹಾದುಹೋಗುವ ಹೆದ್ದಾರಿಯಲ್ಲಿ ವಾಹನ ಎಲ್ಲೆಂದರಲ್ಲಿ ನಿಲ್ಲದಿರಲೆಂದು ಅರಣ್ಯ ತನಿಖಾ ಠಾಣೆಯಲ್ಲಿ ಸಮಯ ನಮೂದಿಸಿ ಚೀಟಿ ಕೊಡುವ ಪದ್ಧತಿಯೂ ಉಂಟು. ಆ ಚೀಟಿ ಹಿಡಿದು ದಾಟಿದವರು ಉದ್ಯಾನವನ್ನು ಹಾದು ಬಂದಿದ್ದಾರೆಯೇ ಹೊರತು ನೋಡಿ ಬಂದಿಲ್ಲ.

ಹಾಗಾದರೆ ಎಷ್ಟು ಹೊತ್ತು ಸಾಕು? ಇದಕ್ಕೆ ಜೀವವಿಜ್ಞಾನದಲ್ಲಿ ಒಂದು ಅಳತೆಯಿದೆ. ಪ್ರೌಢಶಾಲೆಯ ಮಕ್ಕಳೂ ಅದನ್ನು ಬಳಸಬಲ್ಲರು. ಒಂದೇ ದಾರಿಯಲ್ಲಿ ನಿಧಾನವಾಗಿ ನಡೆಯುತ್ತ ಪ್ರತಿ ಅರ್ಧ ಗಂಟೆಗೆ ಹೊಸದಾಗಿ ಕಂಡ ಹಕ್ಕಿ, ಚಿಟ್ಟೆ ಅಥವಾ ಮರಗಳ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಆ ಸಂಖ್ಯೆಗಳನ್ನು ಕೂಡಿಸುತ್ತ ನಕ್ಷೆಗೆ ಹಾಕಿದರೆ ಗೆರೆ ಮೊದಲು ಕಡಿದಾಗಿ ಮೇಲೇರುತ್ತದೆ. ಅನಂತರ ಬಾಗುತ್ತ ಬಂದು ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಗೆರೆ ಇನ್ನೂ ಏರುತ್ತಿರುವಾಗಲೇ ಹೊರಟು ಬಂದರೆ ಆ ಜಾಗದ ಬಗ್ಗೆ ನಾವು ಏನನ್ನು ಹೇಳಿದರೂ ಅದು ಅವಸರದ ಮಾತು. ಭತ್ತದ ಗದ್ದೆಯಲ್ಲಿಯೂ ಹೀಗೆಯೇ. ಕಂದು ಜಿಗಿಹುಳು ಸೇರಿಕೊಂಡಿರುವುದು ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಬದುವಿನ ಮೇಲೆ ನಿಂತು ನೋಡಿದವನಿಗೆ ಪೈರು ಹಸಿರಾಗಿಯೇ ಕಾಣುತ್ತದೆ. ಗದ್ದೆಗಿಳಿದು, ಬಗ್ಗಿ, ನಾಲ್ಕಾರು ಕಡೆ ಬುಡ ಬಿಡಿಸಿ ನೋಡಿದವನಿಗೆ ಮಾತ್ರ ಸ್ಥಿತಿ ತಿಳಿಯುತ್ತದೆ. ರಸ್ತೆಯಿಂದ ಕಾಡು ನೋಡುವುದು ಬದುವಿನಿಂದ ಗದ್ದೆ ನೋಡಿದಂತೆ.

ನಿತ್ಯಹರಿದ್ವರ್ಣದ ಕಾಡಿನಲ್ಲಂತೂ ಆ ಗೆರೆ ಬಾಗಲು ತಡವಾಗುತ್ತದೆ. ಬಂಡೀಪುರದಂಥ ಒಣ ಕಾಡಿನಲ್ಲಿ ಬೇಸಿಗೆಯಲ್ಲಿ ಕಣ್ಣು ದೂರದವರೆಗೆ ಓಡುತ್ತದೆ. ಜಿಂಕೆ, ಕಾಟಿ, ಆನೆಗಳು ಕೆರೆಯ ಬಳಿ ತಾವಾಗಿಯೇ ಕಾಣುತ್ತವೆ. ಕುದುರೆಮುಖದ ಕಾಡು ಹಾಗಲ್ಲ. ಅಲ್ಲಿನ ಜೀವನದ ಬಹುಭಾಗ ನಡೆಯುವುದು ಮರದ ನೆತ್ತಿಯಲ್ಲಿ. ಸಿಂಗಳೀಕಗಳ ಗುಂಪು ನೆಲಕ್ಕೆ ಇಳಿಯುವುದು ಅಪರೂಪ. ಹಣ್ಣು ಅರಸುತ್ತ ಕೆಲವು ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಮರದಿಂದ ಮರಕ್ಕೆ ಸುತ್ತುತ್ತಿರುತ್ತದೆ. ಅದು ನಿಮ್ಮ ದಾರಿಯ ಮೇಲಿನ ಮರಕ್ಕೆ ಬರುವ ದಿನ ಯಾವುದೆಂದು ಯಾವ ಕೈಪಿಡಿಯೂ ಹೇಳಲಾರದು. ಶೋಲಾ ಕಾಡು ಕಣಿವೆಯಲ್ಲಿಯೇ ಏಕೆ ನಿಂತಿದೆ, ನೆತ್ತಿಯ ಮೇಲೆ ಹುಲ್ಲು ಏಕೆ ಹರಡಿದೆ ಎಂಬುದನ್ನು ಹೇಳಿಕೊಟ್ಟರೆ ಮಗು ಬರೆದುಕೊಳ್ಳುತ್ತದೆ. ಅದೇ ಮಗು ಗಾಳಿ ಬೀಸುವ ದಿಣ್ಣೆಯಿಂದ ಕಣಿವೆಯ ಒಳಕ್ಕೆ ಇಳಿದು, ಕಾಲಡಿಯ ಮಣ್ಣಿನ ತೇವ ಬದಲಾಗುವುದನ್ನು ಕೈಯಿಂದ ಮುಟ್ಟಿ ತಿಳಿದರೆ ಮರೆಯುವುದಿಲ್ಲ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲ ಇದೇ ಸೀಮೆಯಲ್ಲಿದೆ. ಶಿವಮೊಗ್ಗದ ನಲ್ಲಿಯಲ್ಲಿ ಬರುವ ತುಂಗೆಯೂ ಭದ್ರಾವತಿಯ ನಾಲೆಯಲ್ಲಿ ಹರಿಯುವ ಭದ್ರೆಯೂ ಆ ತೇವದ ಮಕ್ಕಳು.

ಅಲ್ಲಿ ನೋಡಬೇಕಾದ ಇನ್ನೊಂದು ಸಂಗತಿ ಗಾಯದ್ದು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಾಗ ಕಬ್ಬಿಣದ ಅದಿರಿನ ಗಣಿ ಆಗಲೇ ಕೆಲಸ ಮಾಡುತ್ತಿತ್ತು. ಉದ್ಯಾನದ ಹೆಸರು ಬಂದ ಮೇಲೂ ಬೆಟ್ಟ ಅಗೆಯುವುದು ನಿಲ್ಲಲಿಲ್ಲ. ಜನರ ದೀರ್ಘ ಹೋರಾಟ ಹಾಗೂ ಸುಪ್ರೀಂ ಕೋರ್ಟಿನ 2002ರ ಆದೇಶದ ಫಲವಾಗಿ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ಮುಗಿಯಿತು. ಮ್ಯಾಂಗನೀಸ್‌ಗಾಗಿ ಒಂದು ಕಾಲದಲ್ಲಿ ತನ್ನದೇ ಗುಡ್ಡಗಳನ್ನು ಅಗೆಸಿಕೊಂಡ ಕುಂಸಿಯ ಮಕ್ಕಳಿಗೆ ಈ ಕಥೆ ದೂರದ್ದಲ್ಲ. ಅಗೆದ ಬೆಟ್ಟದ ಮೇಲೆ ಏನು ಬೆಳೆಯುತ್ತದೆ, ಏನು ಬೆಳೆಯುವುದಿಲ್ಲ ಎಂದು ಎರಡೂ ಕಡೆ ಹೋಲಿಸಿ ನೋಡಲು ಅವರಿಗೆ ಒಂದು ಇಡೀ ಬೆಳಗು ಬೇಕು.

ಆದ್ದರಿಂದ ಕುದುರೆಮುಖಕ್ಕೆ ಎರಡು ರಾತ್ರಿ, ಮೂರು ಹಗಲಿಗಿಂತ ಕಡಿಮೆ ಸಾಲದೆಂಬುದು ನಮ್ಮ ಅಭಿಪ್ರಾಯ. ಅಷ್ಟು ಬಿಡುವಿಲ್ಲದಿದ್ದರೆ ಈ ವರ್ಷ ಹೋಗುವುದು ಬೇಡ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಎಲ್ಲರೂ ಮೂರು ದಿನ ಇರತೊಡಗಿದರೆ ಕಾಡಿನ ಅಂಚಿನಲ್ಲಿ ರೆಸಾರ್ಟುಗಳು ಹೆಚ್ಚುವುದಿಲ್ಲವೇ? ಹಳ್ಳದ ನೀರು, ಕಸ, ರಾತ್ರಿಯ ದೀಪ, ಗದ್ದಲ ಇವುಗಳ ಭಾರವನ್ನು ಹೊರುವವರು ಯಾರು? ಹುಲಿ ಸಂರಕ್ಷಿತ ಪ್ರದೇಶಗಳ ಕೇಂದ್ರಭಾಗದಲ್ಲಿ ಪ್ರವಾಸೋದ್ಯಮವನ್ನು ಸುಪ್ರೀಂ ಕೋರ್ಟು 2012ರ ಜುಲೈನಲ್ಲಿ ತಡೆದು, ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಯೊಡನೆ ತೆರವು ಮಾಡಿತು. ಪ್ರವಾಸಿಗರಿಗೆ ಕೇಂದ್ರಭಾಗದ ಶೇಕಡಾ 20ಕ್ಕಿಂತ ಹೆಚ್ಚು ಪ್ರದೇಶ ತೆರೆಯಬಾರದೆಂಬ ಮಿತಿ ಅದರಲ್ಲಿತ್ತು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ತಪ್ಪಲಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನೆರೆದಾಗ ಸರ್ಕಾರ ಮುಂಗಡ ನೋಂದಣಿಯಿಲ್ಲದ ಚಾರಣವನ್ನೇ ನಿಲ್ಲಿಸಬೇಕಾಯಿತು. 2025ರ ನವೆಂಬರಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನು ನಿಲ್ಲಿಸುವ ಆದೇಶ ಹೊರಟಿತು. ಕಾಡಂಚಿನ ರೈತನ ಪ್ರಾಣಕ್ಕಿಂತ ಪ್ರವಾಸಿಯ ಸಂತೋಷ ದೊಡ್ಡದಲ್ಲವೆಂಬ ಕೂಗು ಆಗ ಎದ್ದದ್ದು ಸಹಜವೇ ಆಗಿತ್ತು.

ಆದರೆ ಭಾರವನ್ನು ತಲೆಯೆಣಿಕೆಯಿಂದ ಮಾತ್ರ ಅಳೆಯಲಾಗದು. ಪ್ರತಿ ವರ್ಷ ಒಂದೊಂದು ದಿನದಂತೆ ಮೂರು ಸಲ ಹೋಗುವ ಶಾಲೆ ಘಟ್ಟದ ರಸ್ತೆಯನ್ನು ಆರು ಸಲ ಸವೆಸುತ್ತದೆ. ಮೂರು ವರ್ಷಕ್ಕೊಮ್ಮೆ ಹೋಗಿ ಮೂರು ದಿನ ಇರುವ ಶಾಲೆ ಎರಡು ಸಲ. ಅವಸರದ ಪ್ರವಾಸಿಗೆ ಏನಾದರೂ ತಕ್ಷಣ ಕಾಣಲೇಬೇಕು. ಆ ಹಟವೇ ಜೀಪಿನ ಚಾಲಕನ ಮೇಲೆ ಒತ್ತಡ ತರುತ್ತದೆ, ಆನೆಯ ಮರಿಗೆ ಅಡ್ಡ ನಿಲ್ಲಿಸುತ್ತದೆ, ಬಿಸ್ಕತ್ತಿನ ಆಸೆ ತೋರಿಸಿ ಮಂಗಗಳನ್ನು ರಸ್ತೆಗೆ ಎಳೆಯುತ್ತದೆ. ಉಳಿದುಕೊಳ್ಳುವವರು ಉದ್ಯಾನದ ಹೊರಗಿನ ಹಳ್ಳಿಯ ಮನೆಗಳಲ್ಲಿ, ಅಲ್ಲಿನವರ ಅಡುಗೆಯುಂಡು ಮಲಗಲಿ. ಫೆಬ್ರವರಿಯಿಂದ ಮೇವರೆಗಿನ ಬೆಂಕಿಯ ಕಾಲದಲ್ಲಿ ಹುಲ್ಲುಗಾವಲಿನ ಕಡೆಗೆ ತಲೆ ಹಾಕದಿರಲಿ. ಅನುಮತಿಯಿಲ್ಲದ ದಾರಿ ತುಳಿಯುವುದಂತೂ ಕೂಡದು.

ಎಲ್ಲ ಜಾಗಕ್ಕೂ ಮೂರು ದಿನ ಬೇಕೆಂದು ಇದರ ಅರ್ಥವಲ್ಲ. ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಎರಡು ಗಂಟೆ ಧಾರಾಳ. ಅದು ಬೇಲಿಯೊಳಗಿನ ಪ್ರಾಣಿಗಳ ತಾಣ, ಅದನ್ನು ಕಾಡೆಂದು ಮಕ್ಕಳಿಗೆ ಹೇಳಬಾರದು. ಸಕ್ರೆಬೈಲಿನ ಆನೆಗಳನ್ನು ಬೆಳಗಿನ ಸ್ನಾನದ ಹೊತ್ತಿಗೆ ಹೋಗಿ ನೋಡಿದರೆ ಮುಗಿಯಿತು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಡಿಸೆಂಬರಿನ ಪ್ರವಾಸದಲ್ಲಿ ಅಲ್ಲಿ ಬಸ್ಸು ನಿಲ್ಲಿಸಿದವರಿಗೆ ಬರಿಯ ಮರಗಳು ಕಂಡರೆ ತಪ್ಪು ಹಕ್ಕಿಗಳದ್ದಲ್ಲ. ಜುಲೈನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಒಂದೊಂದು ಗಂಟೆ ಕುಳಿತು ಬಂದರೆ ಮೊಟ್ಟೆಯಿಂದ ಹಾರಾಟದವರೆಗಿನ ಇಡೀ ಪಾಠ ಅಲ್ಲಿ ದೊರೆಯುತ್ತದೆ.

ಮತ್ತೆ ನಮ್ಮದೇ ಶೆಟ್ಟಿಹಳ್ಳಿ. 1974ರಲ್ಲಿ ಅಭಯಾರಣ್ಯವಾದ, ಸುಮಾರು 395 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡನ್ನು ಪಕ್ಕದಲ್ಲಿಟ್ಟುಕೊಂಡು ನಾವು ನೂರಾರು ಮೈಲಿ ಓಡುತ್ತೇವೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಿಂದ ಉರಿದದ್ದು ಈ ಜಿಲ್ಲೆಯ ಮರಗಳ ಇದ್ದಿಲಿನಿಂದ. ಅನಂತರ ಕಾಗದದ ಕಾರ್ಖಾನೆಗಾಗಿ ಅಕೇಶಿಯಾ ತೋಪುಗಳು ಬಂದವು. ರಸ್ತೆಯ ಬದಿಯ ತೋಪನ್ನು ಕಾಡೆಂದು ಭಾವಿಸಿ ಭಾವಚಿತ್ರ ತೆಗೆದುಕೊಳ್ಳುವವರನ್ನು ಸಾಗರದ ರಸ್ತೆಯಲ್ಲಿ ದಿನವೂ ಕಾಣಬಹುದು. ತೋಪಿಗೂ ಕಾಡಿಗೂ ಇರುವ ಅಂತರ ತಿಳಿಯಲು ಎರಡರಲ್ಲಿಯೂ ಅರ್ಧರ್ಧ ದಿನ ಕುಳಿತು, ತರಗೆಲೆ ಕೆದಕಿ, ಬುಡದಲ್ಲಿ ಯಾವ ಸಸಿ ಏಳುತ್ತಿದೆಯೆಂದು ನೋಡಿದರೆ ಸಾಕು. ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಊರು ಕಳೆದುಕೊಂಡ ಕುಟುಂಬಗಳು ಇದೇ ಕಾಡಿನೊಳಗೆ ಆರು ದಶಕಗಳಿಂದ ಬದುಕುತ್ತಿವೆ. ರಸ್ತೆ, ವಿದ್ಯುತ್ತು, ಹಕ್ಕುಪತ್ರಗಳಿಗಾಗಿ ಅವರು ಕಾದ ಕಾಲದ ಎದುರು ಪ್ರವಾಸಿಯ ಮೂರು ದಿನ ಯಾವ ಲೆಕ್ಕ? ಕಾಡಿನ ಪಾಠ ಹೇಳಲು ಅವರಷ್ಟು ಅರ್ಹರು ಬೇರೆ ಯಾರೂ ಇಲ್ಲ. ಅವರ ಕಷ್ಟವನ್ನು ಕೇಳಿಸಿಕೊಳ್ಳದೆ ಬರುವ ಅರಣ್ಯ ಶಿಕ್ಷಣ ಅರ್ಧ ಶಿಕ್ಷಣ.

ಈ ಸಾಲಿನಲ್ಲಿ ಪ್ರವಾಸ ಯೋಜಿಸುವ ಶಾಲೆಗಳಿಗೆ ನಮ್ಮ ಸಲಹೆ ಇಷ್ಟು. ಎಂಟನೆಯ ತರಗತಿಯ ಮಕ್ಕಳು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಶೆಟ್ಟಿಹಳ್ಳಿಯ ಅಂಚಿನ ಒಂದೇ ದಾರಿಯಲ್ಲಿ ವರ್ಷಕ್ಕೆ ನಾಲ್ಕು ಬೆಳಗು, ಆರರಿಂದ ಒಂಬತ್ತರವರೆಗೆ ನಡೆಯಲಿ. ಅರ್ಧ ಗಂಟೆಯ ಲೆಕ್ಕದ ಗೆರೆ ಎಳೆಯಲಿ. ಒಂಬತ್ತರಲ್ಲಿ ಅದೇ ದಾರಿ, ಅದೇ ಪುಸ್ತಕ ಮುಂದುವರಿಯಲಿ. ಹತ್ತನೆಯ ತರಗತಿಗೆ ಬಂದಾಗ, ಪರೀಕ್ಷೆಯ ಒತ್ತಡ ಏರುವ ಮುನ್ನ, ನವೆಂಬರಿನಲ್ಲಿ ಮೂರು ದಿನ ಕುದುರೆಮುಖಕ್ಕೆ ಹೋಗಲಿ. ಪುಸ್ತಕವನ್ನು ಜೊತೆಗೆ ಕೊಂಡೊಯ್ಯಲು ಮರೆಯದಿರಲಿ.