ಮನೆವಾರ್ತೆ: ದುರಸ್ತಿಗೂ ಒಂದು ಪಾಲು ತೆಗೆದಿಡಿ



ಮಗಳ ಮದುವೆಗೆಂದು, ಮಗನ ಓದಿಗೆಂದು, ದಶಲಕ್ಷಣ ಪರ್ವದ ದಾನಕ್ಕೆಂದು ಹಣ ತೆಗೆದಿಡುವ ರೂಢಿ ನಮ್ಮ ಮನೆಗಳಲ್ಲಿ ಉಂಟು. ಆದರೆ ಇವೆಲ್ಲವೂ ನಡೆಯುವ ಆ ಮನೆಗೆಂದೇ ತೆಗೆದಿಟ್ಟವರು ವಿರಳ. ಮಾಳಿಗೆ ಸೋರಿದಾಗ, ತೊಲೆಗೆ ಗೆದ್ದಲು ಹತ್ತಿದಾಗ, ಪಂಪು ಸುಟ್ಟಾಗ ಸಾಲಕ್ಕೆ ಕೈಚಾಚುತ್ತೇವೆ. 'ಅನಿರೀಕ್ಷಿತ ಖರ್ಚು ಬಂತು' ಎನ್ನುತ್ತೇವೆ. ಮಳೆ ವರ್ಷವೂ ಬರುವುದೇ, ಬಣ್ಣ ಮಾಸುವುದೇ, ಯಂತ್ರ ಸವೆಯುವುದೇ. ಇದರಲ್ಲಿ ಅನಿರೀಕ್ಷಿತವೆಂಬುದು ಏನಿದೆ?

ಶ್ರಾವಕರಿಗೆ ಇದು ಬರೀ ಹಣದ ಪ್ರಶ್ನೆಯಲ್ಲ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿ ತಪ್ಪದು. ಸಂಕಲ್ಪೀ ಹಿಂಸೆಯನ್ನಾದರೂ ಬಿಡಬೇಕೆಂಬುದು ನಮ್ಮ ನಿಯಮ. ಗೋಡೆ ಒಣಗಿದ್ದಾಗ, ಮರ ನೆಲದ ತೇವಕ್ಕೆ ತಾಗದಿದ್ದಾಗ ಗೆದ್ದಲು ಸುಲಭವಾಗಿ ಹತ್ತದು. ಎರಡು ಮಳೆಗಾಲ ಅಲಕ್ಷ್ಯ ಮಾಡಿದರೆ ಗೋಡೆಗೆ ತೂತು ಕೊರೆದು ವಿಷ ಹಾಕಿಸುವ ಹೊತ್ತು ಬರುತ್ತದೆ. ಆಗ ಸಾಯುವ ಜೀವಗಳನ್ನು ಎಣಿಸಿದವರಾರು? ನೀರಿನ ಟಾಕಿಯ ಮುಚ್ಚಳ ಸರಿಯಾಗಿದ್ದರೆ ಸೊಳ್ಳೆ ಮೊಟ್ಟೆಯಿಡದು. ಇಲ್ಲದಿದ್ದರೆ ಹುಳುವಾದ ಮೇಲೆ ಔಷಧಿ ಸುರಿಯಬೇಕು. ಆದ್ದರಿಂದ ಹೊತ್ತಿಗೆ ಸರಿಯಾಗಿ ಮಾಡಿದ ದುರಸ್ತಿಯೂ ಅಹಿಂಸೆಯ ಪಾಲನೆಯೇ ಸರಿ.

ಲೆಕ್ಕ ಹಾಕುವ ಬಗೆ

ನಿಮ್ಮ ಮನೆಯನ್ನು ಇಂದು ಕಟ್ಟಿದರೆ ಎಷ್ಟು ಬೀಳುತ್ತದೆ ಎಂದು ಮೇಸ್ತ್ರಿಯನ್ನು ಕೇಳಿ. ಜಾಗದ ಬೆಲೆ ಬೇಡ. ಅದರ ನೂರಕ್ಕೆ ಒಂದು ಪಾಲು ವರ್ಷದ ದುರಸ್ತಿಗೆ ಎಂಬುದು ಸ್ಥೂಲ ಲೆಕ್ಕ. 15 ಲಕ್ಷದ ಮನೆಯಾದರೆ 15,000 ರೂಪಾಯಿ. ಹಳೆಯ ಮನೆಗೆ ಇನ್ನಷ್ಟು ಬೇಕು.

ಇನ್ನೂ ಖಚಿತವಾಗಿ ಬೇಕೆಂದರೆ ಒಂದೊಂದು ಕೆಲಸದ ಖರ್ಚನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ. ಒಂದು ಉದಾಹರಣೆ ನೋಡಿ:

1. ಸುಣ್ಣಬಣ್ಣ: 5 ವರ್ಷಕ್ಕೊಮ್ಮೆ 30,000. ವರ್ಷಕ್ಕೆ 6,000.
2. ಛಾವಣಿ ಸೋರದಂತೆ ಮಾಡಿಸುವುದು: 5 ವರ್ಷಕ್ಕೊಮ್ಮೆ 20,000. ವರ್ಷಕ್ಕೆ 4,000.
3. ಪಂಪು: 8 ವರ್ಷಕ್ಕೊಮ್ಮೆ 12,000. ವರ್ಷಕ್ಕೆ 1,500.
4. ಟಾಕಿ ತೊಳೆಸುವುದು: ವರ್ಷಕ್ಕೆ 1,000.
5. ನಲ್ಲಿ, ಸ್ವಿಚ್ಚು, ಚಿಲಕ ಮುಂತಾದ ಚಿಲ್ಲರೆ ಕೆಲಸ: ವರ್ಷಕ್ಕೆ 2,500.

ಒಟ್ಟು 15,000, ತಿಂಗಳಿಗೆ 1,250. ಇವು ಉದಾಹರಣೆಯ ಅಂಕಿಗಳು. ನಿಮ್ಮ ಊರಿನ ದರ ನೀವೇ ಬರೆದುಕೊಳ್ಳಿ. ಮನೆಪಟ್ಟಿ, ವಿಮೆ ಇದಕ್ಕೆ ಹೊರತು. ಐದು ವರ್ಷಕ್ಕೊಮ್ಮೆ ಬರುವ ಕೆಲಸಗಳಿಗೆ ಅಂಚೆ ಕಚೇರಿಯ ಐದು ವರ್ಷದ ಆರ್.ಡಿ. ಹೊಂದುತ್ತದೆ. ಉಳಿದದ್ದನ್ನು ಬೇಕೆಂದಾಗ ತೆಗೆಯಬಹುದಾದ ಉಳಿತಾಯ ಖಾತೆಯಲ್ಲಿಡಿ.

ಸಂಬಳದವರು ತಿಂಗಳು ತಿಂಗಳು ತೆಗೆದಿಡಬಹುದು. ಒಕ್ಕಲುತನದವರಿಗೆ ಅದು ಸಾಗದು. ಜತ್ತದಲ್ಲಿ ದ್ರಾಕ್ಷಿ-ದಾಳಿಂಬೆ, ಅಕ್ಕಲಕೋಟೆಯಲ್ಲಿ ತೊಗರಿ-ಜೋಳ, ವಯನಾಡಿನಲ್ಲಿ ಕಾಫಿ ಮಾರಿದ ಹಣ ಕೈಗೆ ಬಂದ ದಿನವೇ ಇಡೀ ವರ್ಷದ ಪಾಲನ್ನು ಬೇರೆ ಇಡುವುದು ಕ್ಷೇಮ. ಮನೆಯಲ್ಲಿ ಉಳಿದ ಹಣ ಹಬ್ಬಕ್ಕೋ ನೆಂಟರಿಗೋ ಕರಗುತ್ತದೆ.

ಯಾವಾಗ, ಏನು?

ಆಷಾಢ ಶುಕ್ಲ ಚತುರ್ದಶಿಗೆ ಮುನಿಗಳು ವರ್ಷಾಯೋಗ ಕೈಗೊಳ್ಳುತ್ತಾರೆ. ಮಳೆಗಾಲದಲ್ಲಿ ಜೀವೋತ್ಪತ್ತಿ ಹೆಚ್ಚು; ಶ್ರಾವಕರೂ ಅಗೆಯುವ, ಕೆಡಹುವ ಕೆಲಸಗಳನ್ನು ಕಡಿಮೆ ಮಾಡುವುದು ಒಳಿತು. ಅಂದರೆ ವೈಶಾಖ-ಜ್ಯೇಷ್ಠದಲ್ಲೇ ಕೆಲಸ ಮುಗಿದಿರಬೇಕು. ಕೇರಳದ ಕಡೆ ಜೂನ್ ಆರಂಭಕ್ಕೇ ಮಳೆ ಹಿಡಿಯುವುದರಿಂದ ಮೇ ತಿಂಗಳ ನಡುವೆಯೇ ಮುಗಿಸಿರಿ.

ಕಾಸರಗೋಡು, ವಯನಾಡಿನ ಹೆಂಚಿನ ಮನೆಯವರು ಒಡೆದ ಹೆಂಚು ಬದಲಿಸುವಾಗ ರೀಪು-ಪಕ್ಕಾಸುಗಳನ್ನೂ ನೋಡಿಸಿ. ಗೆದ್ದಲು ಹತ್ತುವ ಮೊದಲೇ ಮರದ ತುದಿಗಳಿಗೆ ಗೇರೆಣ್ಣೆ ಬಳಿಯುವುದು ಆ ಕಡೆಯ ಹಳೆಯ ಉಪಾಯ. ಸೌದೆಯನ್ನು ಗೋಡೆಗೆ ಒತ್ತಿ ಒಟ್ಟಬೇಡಿ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮೇಲ್ಮುದ್ದೆಯ ಮಾಳಿಗೆ ಮನೆಯವರಿಗೆ ಒಂದು ಎಚ್ಚರಿಕೆ. ಸೋರಿತೆಂದು ವರ್ಷವರ್ಷವೂ ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಹಾಕುತ್ತ ಹೋದರೆ ಭಾರ ಏರುತ್ತದೆ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿ ಭೂಕಂಪದಲ್ಲಿ ಸಾವಿರಾರು ಜನ ಸತ್ತದ್ದು ಹೆಚ್ಚಾಗಿ ಇಂಥ ಭಾರದ ಮಣ್ಣಿನ ಮಾಳಿಗೆ, ಕಲ್ಲಿನ ಗೋಡೆಗಳ ಕೆಳಗೆ ಸಿಕ್ಕಿ. ಆದ್ದರಿಂದ ಹಳೆಯ ಮಣ್ಣನ್ನು ತೆಗೆಸಿದ ಮೇಲೆಯೇ ಹೊಸದನ್ನು ಹಾಕಿಸಿ. ಆ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ. ಅದು ಮನೆಮಂದಿಯ ಪ್ರಾಣದ ಖರ್ಚು.

ಅಣ್ಣತಮ್ಮಂದಿರ ಮನೆ

ಹಿರಿಯರ ಮನೆಯಲ್ಲಿ ಒಬ್ಬ ಮಗ ಇರುತ್ತಾನೆ, ಉಳಿದವರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ದುರಸ್ತಿಯ ಮಾತು ಬಂದಾಗ 'ಇರುವವನೇ ಮಾಡಿಸಲಿ' ಎಂದು ಅವರು, 'ಪಾಲು ಎಲ್ಲರದು' ಎಂದು ಇವನು. ಈ ನಡುವೆ ಗೋಡೆ ಬೀಳುತ್ತದೆ, ಮನಸ್ಸೂ ಒಡೆಯುತ್ತದೆ. ಛಾವಣಿ, ಗೋಡೆ, ತೊಲೆಗಳ ಖರ್ಚು ಪಾಲಿನ ಪ್ರಕಾರ ಎಲ್ಲರದು. ಸುಣ್ಣ, ನಲ್ಲಿ, ದೀಪದ ಖರ್ಚು ವಾಸಿಸುವವರದು ಎಂದು ಗೊತ್ತುಮಾಡಿಕೊಂಡರೆ ಜಗಳಕ್ಕೆ ಎಡೆಯಿಲ್ಲ. ಒಂದು ನೋಟುಬುಕ್ಕಿನಲ್ಲಿ ತಾರೀಖು, ಕೆಲಸ, ಹಣ ಬರೆದು, ರಸೀದಿ ಅಂಟಿಸಿ, ವರ್ಷಕ್ಕೊಮ್ಮೆ ಎಲ್ಲರೂ ಕೂಡಿದಾಗ ಓದಿ ತೋರಿಸಿ.

ಪರಿಗ್ರಹ ಪರಿಮಾಣದಲ್ಲಿ 'ವಾಸ್ತು' ಅಂದರೆ ಮನೆಯೂ ಒಂದು. ಕಾಪಾಡಲು ಆಗುವಷ್ಟೇ ಇಟ್ಟುಕೊಳ್ಳಬೇಕು, ಇಟ್ಟುಕೊಂಡದ್ದನ್ನು ಕಾಪಾಡಬೇಕು. ಇನ್ನೊಂದು ಕೋಣೆ ಕಟ್ಟಿಸುವ ಮುನ್ನ ಇರುವ ಕೋಣೆಗಳ ಲೆಕ್ಕ ಬರೆಯಿರಿ.

ಜೈ ಜಿನೇಂದ್ರ.