ಡೊನೆಲ್ಲಾ ಮೆಡೋಸ್ ಆರಿಸಿಕೊಂಡ ಮನೆ

ಜಗತ್ತಿನ ಜನರನ್ನೆಲ್ಲ ನೂರು ಜನರ ಒಂದು ಹಳ್ಳಿಯಾಗಿ ಕುಗ್ಗಿಸಿದರೆ ಅದರಲ್ಲಿ ಏಷ್ಯಾದವರು ಎಷ್ಟು, ಓದು ಬಲ್ಲವರು ಎಷ್ಟು, ಹಸಿದವರು ಎಷ್ಟು ಎಂದು ಹೇಳುವ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ನನಗೆ ಇಂಗ್ಲಿಷಿನಲ್ಲಿ ಒಮ್ಮೆ, ಉರ್ದುವಿನಲ್ಲಿ ಎರಡು ಸಲ ಬಂದಿದೆ. ಬರೆದವರ ಹೆಸರು ಒಂದರಲ್ಲೂ ಇರಲಿಲ್ಲ. ಅದರ ಮೂಲ 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪತ್ರಿಕಾ ಅಂಕಣ. ಅಲ್ಲಿದ್ದದ್ದು ನೂರಲ್ಲ, ಸಾವಿರ ಜನರ ಹಳ್ಳಿ. ಬರೆದವರು ಡೊನೆಲ್ಲಾ ಮೆಡೋಸ್ ಎಂಬ ಪರಿಸರ ವಿಜ್ಞಾನಿ. ಅವರ ಕೆಲಸದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಕೊನೆಗೆ ಅವರು ಆರಿಸಿಕೊಂಡ ಮನೆಯ ಬಗ್ಗೆ ಬರೆಯಬೇಕೆನಿಸಿದೆ. ಕಾರಣ, ಈ ವರ್ಷ ನಮ್ಮ ಮನೆಯಲ್ಲೂ ನಡೆಯುತ್ತಿರುವ ಮಾತು ಒಂದೇ: ಮೊಹಲ್ಲಾದ ಹಳೆ ಮನೆಯ ನಮ್ಮ ಪಾಲು ಮಾರಿ ರಿಂಗ್ ರೋಡಿನಾಚೆಯ "ಹಸಿರು" ಲೇಔಟಿನಲ್ಲಿ ಸೈಟು ತೆಗೆದುಕೊಳ್ಳಬೇಕೋ ಬೇಡವೋ ಎಂಬುದು.

ಮೆಡೋಸ್ ಹುಟ್ಟಿದ್ದು 1941ರಲ್ಲಿ. ಮೊದಲು ರಸಾಯನಶಾಸ್ತ್ರ ಓದಿದರು, ಆಮೇಲೆ 1968ರಲ್ಲಿ ಹಾರ್ವರ್ಡ್‌ನಿಂದ ಜೈವಿಕ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅಷ್ಟು ಓದಿದವರು ನೇರ ಪ್ರಯೋಗಾಲಯಕ್ಕೆ ಹೋಗುತ್ತಾರೆ ಎಂದುಕೊಳ್ಳುತ್ತೇವೆ. ಅವರು ಮಾತ್ರ ಗಂಡ ಡೆನಿಸ್ ಜೊತೆ ಇಂಗ್ಲೆಂಡಿನಿಂದ ಶ್ರೀಲಂಕಾದವರೆಗೆ ಹೋಗಿ ಬರುವ ಒಂದು ವರ್ಷದ ಪ್ರಯಾಣಕ್ಕೆ ಹೊರಟರು. ವಾಪಸಾದ ಮೇಲೆ ಎಂಐಟಿಯಲ್ಲಿ ಜೇ ಫಾರೆಸ್ಟರ್ ಅವರ ಗುಂಪು ಸೇರಿದರು. ಅಲ್ಲಿ ಕ್ಲಬ್ ಆಫ್ ರೋಮ್ ಎಂಬ ಕೂಟಕ್ಕಾಗಿ "ವರ್ಲ್ಡ್ 3" ಎಂಬ ಕಂಪ್ಯೂಟರ್ ಮಾದರಿ ತಯಾರಾಯಿತು. ಜನಸಂಖ್ಯೆ, ಕೈಗಾರಿಕೆ, ಆಹಾರ, ಗಣಿಯಿಂದ ತೆಗೆದು ಮುಗಿಯುವ ಸಂಪತ್ತು, ಮಾಲಿನ್ಯ ಈ ಐದೂ ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂದು 2100ರವರೆಗೆ ಲೆಕ್ಕ ಹಾಕುವ ಮಾದರಿ ಅದು. ಫಲಿತಾಂಶ 1972ರಲ್ಲಿ "ಲಿಮಿಟ್ಸ್ ಟು ಗ್ರೋತ್" ಎಂಬ ಪುಸ್ತಕವಾಗಿ ಬಂತು. ನಾಲ್ವರು ಲೇಖಕರಲ್ಲಿ ಮೊದಲ ಹೆಸರು ಡೊನೆಲ್ಲಾ ಅವರದು. ಆಗ ಅವರಿಗೆ ಮೂವತ್ತರ ಆಸುಪಾಸು.

ಆ ಪುಸ್ತಕದ ಹಿಂದಿನ ವಿಚಾರ ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಹೊಸದೇನಲ್ಲ. ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ನಲ್ಲಿಯಿಂದ ತುಂಬುವ ತೊಟ್ಟಿಯ ಉದಾಹರಣೆ ಕೊಟ್ಟು ಸ್ಟಾಕ್ ಎಂದರೇನು, ಫ್ಲೋ ಎಂದರೇನು ಎಂದು ಹೇಳಿಕೊಡುತ್ತಾರಲ್ಲ, ಅದೇ. ಮೆಡೋಸ್ ಪಾಠ ಮಾಡುವಾಗ ಬಾತ್‌ಟಬ್ ಉದಾಹರಣೆ ಕೊಡುತ್ತಿದ್ದರು. ನಮ್ಮ ಮನೆಗಳಲ್ಲಿ ಬಾತ್‌ಟಬ್ ಇಲ್ಲ, ಮಸೀದಿಯ ಹೌಜ್ ಎಂದುಕೊಳ್ಳಿ. ಒಳಗೆ ಬರುವ ನೀರು, ಹೊರಗೆ ಹೋಗುವ ನೀರು, ಈ ಕ್ಷಣ ಹೌಜಿನಲ್ಲಿರುವ ನೀರು ಮೂರೂ ಬೇರೆ ಬೇರೆ. ಲಾಭ-ನಷ್ಟ ಖಾತೆ ಒಂದು ವರ್ಷದ ಹರಿವನ್ನು ಹೇಳುತ್ತದೆ, ಅಢಾವೆ ಪತ್ರಿಕೆ ಒಂದು ದಿನದ ಸ್ಥಿತಿಯನ್ನು ಹೇಳುತ್ತದೆ. ಲಾಭ ಚೆನ್ನಾಗಿದೆ ಎಂದು ಕುಣಿಯುತ್ತಿರುವ ಅಂಗಡಿ ಒಳಗೊಳಗೆ ಆಸ್ತಿಯನ್ನೇ ಮಾರಿಕೊಂಡು ತಿನ್ನುತ್ತಿರಬಹುದು. ಜಗತ್ತು ಮಾಡುತ್ತಿರುವುದು ಅದನ್ನೇ ಎಂಬುದು ಅವರ ವಾದ. ಜೊತೆಗೆ ಒಂದು ಕಿವಿಮಾತು: ತೊಟ್ಟಿ ದೊಡ್ಡದಾದಷ್ಟೂ ಅದರಲ್ಲಾಗುವ ಬದಲಾವಣೆ ತಡವಾಗಿ ಕಾಣುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ನಾವು ಮಿತಿ ದಾಟಿ ಎಷ್ಟೋ ದೂರ ಹೋಗಿರುತ್ತೇವೆ.

ಅರ್ಥಶಾಸ್ತ್ರಜ್ಞರು ಈ ಪುಸ್ತಕವನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ವಸ್ತು ವಿರಳವಾದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಜನ ಕಡಿಮೆ ಬಳಸುತ್ತಾರೆ, ಬದಲಿ ವಸ್ತು ಹುಡುಕುತ್ತಾರೆ, ಮಾದರಿಯಲ್ಲಿ ಬೆಲೆಗೆ ಜಾಗವೇ ಇಲ್ಲ ಎಂದರು. ನಾನೂ ಬೇಡಿಕೆಯ ನಿಯಮ ಓದುವವಳೇ, ಈ ಟೀಕೆಯನ್ನು ಸುಮ್ಮನೆ ತಳ್ಳಿಹಾಕಲಾರೆ. ತಾಮ್ರಕ್ಕೋ ಎಣ್ಣೆಗೋ ಇದು ಬಹುಮಟ್ಟಿಗೆ ಸರಿ. ಆದರೆ ಹೊಗೆ ಹೋಗಿ ಸೇರುವ ಗಾಳಿಗೆ ಬೆಲೆಯ ಚೀಟಿ ಇಲ್ಲ. ಅಂತರ್ಜಲ ಇಪ್ಪತ್ತು ಅಡಿ ಕೆಳಗಿಳಿದರೆ ಅದರ ಬಿಲ್ಲು ನಮ್ಮ ಮನೆಗೆ ಬರುವುದಿಲ್ಲ, ಇನ್ನೊಬ್ಬರ ಬಾವಿ ಬತ್ತುತ್ತದೆ, ಅಷ್ಟೆ. ಬೆಲೆ ಇಲ್ಲದ ಕಡೆ ಬೆಲೆ ಹೇಗೆ ಎಚ್ಚರಿಸೀತು?

ಅವರ ವೃತ್ತಿಯಲ್ಲಿ ನನಗೆ ಹಿಡಿಸಿದ್ದು ಮುಂದಿನ ಭಾಗ. 1972ರಿಂದ ಡಾರ್ಟ್‌ಮತ್ ಕಾಲೇಜಿನಲ್ಲಿ ಪಾಠ ಮಾಡಿದರು, ಖಾಯಂ ಪ್ರಾಧ್ಯಾಪಕರಾದರು. 1980ರ ದಶಕದಲ್ಲಿ ಆ ಖಾಯಂ ಹುದ್ದೆಯನ್ನು ಬಿಟ್ಟುಕೊಟ್ಟು ಅರೆಕಾಲಿಕವಾಗಿ ಪಾಠ ಮುಂದುವರಿಸಿದರು, ಉಳಿದ ಸಮಯ ಬರವಣಿಗೆಗೆ. (ಇದನ್ನು ಮನೆಯಲ್ಲಿ ಹೇಳಿದಾಗ ಅಮ್ಮಿ, "ಪರ್ಮನೆಂಟ್ ನೌಕರಿ ಬಿಟ್ಟಳಾ?" ಎಂದು ಎರಡು ಸಲ ಕೇಳಿದರು.) 1985ರಿಂದ ಸಾಯುವವರೆಗೆ ವಾರಕ್ಕೊಂದು ಅಂಕಣ ಬರೆದರು. ಇಷ್ಟೂ ಕಾಲ ಬಾಳಿದ್ದು ನ್ಯೂ ಹ್ಯಾಂಪ್‌ಶೈರ್‌ನ ಪ್ಲೇನ್‌ಫೀಲ್ಡ್ ಎಂಬ ಸಣ್ಣ ಊರಿನ ಸಾವಯವ ತೋಟದಲ್ಲಿ, ಇತರರ ಜೊತೆ ಸೇರಿ, ಕುರಿ ಸಾಕಿಕೊಂಡು, 27 ವರ್ಷ. ಜಗತ್ತಿನ ಲೆಕ್ಕ ಕಂಪ್ಯೂಟರಿನಲ್ಲಿ ಹಾಕಿದವರು ದಿನದ ಲೆಕ್ಕವನ್ನು ಕೊಟ್ಟಿಗೆಯಲ್ಲಿ ಹಾಕುತ್ತಿದ್ದರು.

1999ರಲ್ಲಿ ಕನೆಕ್ಟಿಕಟ್ ನದಿಯ ಇನ್ನೊಂದು ದಡಕ್ಕೆ, ವರ್ಮಾಂಟ್‌ನ ಹಾರ್ಟ್‌ಲ್ಯಾಂಡ್‌ಗೆ ಹೋದರು. ಅಲ್ಲಿ ಸಮಾನ ಮನಸ್ಕರ ಜೊತೆ ಕೃಷಿಭೂಮಿ ಕೊಂಡು ಕಾಬ್ ಹಿಲ್ ಎಂಬ ಸಹವಸತಿಯನ್ನು ಯೋಜಿಸಿದರು. ನೂರಾರು ಎಕರೆ ಜಾಗವಿದ್ದರೂ ಅದನ್ನು ಸೈಟುಗಳಾಗಿ ಕತ್ತರಿಸಲಿಲ್ಲ. ಇಪ್ಪತ್ತು ಚಿಲ್ಲರೆ ಮನೆಗಳನ್ನು ಒಂದೇ ಮೂಲೆಯಲ್ಲಿ ಒತ್ತಾಗಿ ಕಟ್ಟಿ, ಉಳಿದದ್ದನ್ನು ಹೊಲ, ಹುಲ್ಲುಗಾವಲು, ಕಾಡಾಗಿ ಉಳಿಸಿಕೊಳ್ಳುವುದು ಅವರ ಯೋಜನೆ. ನೀರು ಹಾಕದೆ ಮಲವನ್ನು ಗೊಬ್ಬರ ಮಾಡುವ ಶೌಚಾಲಯ. ಹಸು ಕರೆದು ಚೀಸ್ ಮಾಡುವ ಕೆಲಸ. ಎಲ್ಲರೂ ಸೇರಿ ಉಣ್ಣಲು ಒಂದು ಸಾಮಾನ್ಯ ಮನೆ. ವರ್ಮಾಂಟ್‌ನ ಚಳಿಗಾಲದಲ್ಲಿ ನೀರು ಕಲ್ಲಾಗುತ್ತದೆ, ಮನೆ ಬೆಚ್ಚಗಿಡದೆ ಬದುಕಲಾಗದು. ಅದಕ್ಕೆ ಮನೆಗೊಂದು ಒಲೆಯ ಬದಲು ತಮ್ಮದೇ ಕಾಡಿನ ಸೌದೆ ಉರಿಸುವ ಸಾಮಾನ್ಯ ಬಾಯ್ಲರ್ ವ್ಯವಸ್ಥೆ, ಅಲ್ಲಿಂದ ಕೊಳವೆಗಳಲ್ಲಿ ಎಲ್ಲ ಮನೆಗಳಿಗೆ ಬಿಸಿನೀರು.

ಈ ರೀತಿಯ ಸಹವಸತಿ ಡೆನ್ಮಾರ್ಕ್‌ನಿಂದ ಬಂದದ್ದು. ಅಲ್ಲಿನ ಮೊದಲನೆಯದಾದ ಸೆಟ್ಟೆಡಾಮೆನ್ ಸಿದ್ಧವಾದದ್ದು ಕೂಡ 1972ರಲ್ಲೇ. ಇದರ ತಿರುಳು ಸೋಲಾರ್ ಫಲಕವಲ್ಲ, ಹಂಚಿಕೊಳ್ಳುವುದು. ಒಂದು ಬಾಯ್ಲರನ್ನು ಇಪ್ಪತ್ತು ಮನೆ ಹಂಚಿಕೊಂಡರೆ ಸ್ಥಿರ ವೆಚ್ಚ ಇಪ್ಪತ್ತು ಪಾಲಾಗುತ್ತದೆ, ಇದು ನಮಗೆ ಪರೀಕ್ಷೆಯಲ್ಲಿ ಬರುವ ಲೆಕ್ಕ. ಪಾಠದಲ್ಲಿ ಬರದ ವೆಚ್ಚ ಇನ್ನೊಂದಿದೆ: ಸಭೆ. ಕಾಬ್ ಹಿಲ್‌ನಲ್ಲಿ ತೀರ್ಮಾನಗಳು ಬಹುಮತದಿಂದಲ್ಲ, ಎಲ್ಲರ ಒಪ್ಪಿಗೆಯಿಂದ. ನಮ್ಮ ಗಲ್ಲಿಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟಾಗ ಮನೆಗೆ ಇನ್ನೂರು ರೂಪಾಯಿ ಸೇರಿಸುವುದಕ್ಕೆ ಹನ್ನೊಂದು ದಿನ ಹಿಡಿದಿದ್ದನ್ನು ಕಂಡವಳಾಗಿ ಹೇಳುತ್ತೇನೆ, ಆ ವೆಚ್ಚ ಸಣ್ಣದಲ್ಲ. ಆದರೂ ಹನ್ನೆರಡನೇ ದಿನ ನೀರು ಬಂತು, ಮತ್ತು ಮೂವತ್ತು ಮನೆಗೆ ಒಂದೇ ಬೋರ್‌ವೆಲ್ ಸಾಕಾಯಿತು.

ಇಂಥ ಊರು ಅನುಕೂಲವಂತರ ಹವ್ಯಾಸ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ವರ್ಮಾಂಟ್‌ನ ಹಳ್ಳಿಯಲ್ಲಿ ಕಾರಿಲ್ಲದೆ ಹಾಲಿನಂಗಡಿಗೂ ಹೋಗಲಾಗದು. ಪಟ್ಟಣದ ಮಧ್ಯೆ ಸಣ್ಣ ಬಾಡಿಗೆ ಮನೆಯಲ್ಲಿದ್ದು ಬಸ್ಸಿನಲ್ಲಿ ಓಡಾಡುವ ಕುಟುಂಬ ಭೂಮಿಗೆ ಅದಕ್ಕಿಂತ ಕಡಿಮೆ ಭಾರ ಹಾಕುತ್ತಿರಬಹುದು, ಅದಕ್ಕೆ ಯಾರೂ ಪರಿಸರಸ್ನೇಹಿ ಎಂಬ ಬಿರುದು ಕೊಡುವುದಿಲ್ಲ. ಆದರೆ ಮೆಡೋಸ್ ಅಲ್ಲಿಗೆ ಹೋದದ್ದು ಜಗತ್ತಿನಿಂದ ತಪ್ಪಿಸಿಕೊಳ್ಳಲು ಅಲ್ಲ. ತಾವೇ ಕಟ್ಟಿದ ಸಂಶೋಧನಾ ಸಂಸ್ಥೆಯ ಕಚೇರಿಯನ್ನೂ ಆ ಹೊಲದ ಪಕ್ಕಕ್ಕೆ ತಂದರು. ಮನೆಗಳು ಪೂರ್ತಿಯಾಗುವ ಮೊದಲೇ, 2001ರ ಫೆಬ್ರವರಿ 20ರಂದು ಮಿದುಳು ಪೊರೆಯ ಸೋಂಕಿನಿಂದ ತೀರಿಕೊಂಡರು. ವಯಸ್ಸು 59. ಉಳಿದವರು ಮನೆಗಳನ್ನು ಕಟ್ಟಿ ಮುಗಿಸಿದರು, ಇಂದಿಗೂ ಅಲ್ಲಿ ವಾಸ ನಡೆದಿದೆ.

ಈಗ ನಮ್ಮ ಲೇಔಟ್. ಅದರ ಬ್ರೋಷರಿನಲ್ಲಿ ಮಳೆನೀರು ಕೊಯ್ಲು ಎಂದು ದಪ್ಪ ಅಕ್ಷರದಲ್ಲಿದೆ. ಬೆಂಗಳೂರಿನಲ್ಲಿ 1200 ಚದರಡಿ ನಿವೇಶನದ ಹೊಸ ಮನೆಗೂ ಇದನ್ನು 2009ರಲ್ಲೇ ಕಡ್ಡಾಯ ಮಾಡಿದ್ದಾರೆ. ಅಲ್ಲಿ ಕಾನೂನಾಗಿರುವುದು ಇಲ್ಲಿ ವಿಶೇಷ ಆಕರ್ಷಣೆ! ಮೆಡೋಸ್ 1999ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಒಂದು ವ್ಯವಸ್ಥೆಯನ್ನು ಬದಲಿಸಲು ಎಲ್ಲೆಲ್ಲಿ ಕೈ ಹಾಕಬಹುದು ಎಂದು ಹನ್ನೆರಡು ಜಾಗಗಳನ್ನು ಪಟ್ಟಿ ಮಾಡಿದ್ದಾರೆ. ಅತಿ ದುರ್ಬಲ ಜಾಗ ಅಂಕಿಗಳು: ಇಷ್ಟು ಶೇಕಡಾ, ಇಷ್ಟು ರೂಪಾಯಿ. ಅದಕ್ಕಿಂತ ಎಷ್ಟೋ ಬಲವಾದದ್ದು, ಇಡೀ ವ್ಯವಸ್ಥೆ ಯಾವ ಗುರಿಗಾಗಿ ನಡೆಯುತ್ತಿದೆ ಎಂಬುದು. ಬ್ರೋಷರ್ ತುಂಬ ಇರುವುದು ಅಂಕಿಗಳೇ. ಮಧ್ಯದ ಪಾರ್ಕ್ ಬಿಟ್ಟರೆ ಮನೆಗಳ ನಡುವೆ ಹಂಚಿಕೊಳ್ಳುವ ಒಂದು ವಸ್ತುವೂ ಅದರಲ್ಲಿಲ್ಲ. ಮನೆಗೊಂದು ಬೋರ್, ಮನೆಗೊಂದು ಕಾಂಪೌಂಡ್.

ಅಬ್ಬಾ ಈಗ ಅಂಗಡಿಗೆ ನಡೆದು ಹೋಗುತ್ತಾರೆ. ಲೇಔಟ್‌ನಿಂದ ಅಂಗಡಿಗೆ 14 ಕಿಲೋಮೀಟರ್. ಹೋಗಿ ಬರಲು 28, ವರ್ಷಕ್ಕೆ 300 ದಿನ ಎಂದರೆ 8,400 ಕಿಲೋಮೀಟರ್. ಬೈಕು ಲೀಟರಿಗೆ 45 ಕೊಟ್ಟರೂ ಸುಮಾರು 187 ಲೀಟರ್ ಪೆಟ್ರೋಲ್, ಲೀಟರಿಗೆ 102 ರೂಪಾಯಿಯಂತೆ ಹತ್ತೊಂಬತ್ತು ಸಾವಿರ. ಹಸಿರು ಮನೆಗೆ ಹೋಗುವುದಕ್ಕೆ ಸುಡಬೇಕಾದ ಪೆಟ್ರೋಲ್ ಇದು.

ಇನ್ನೊಂದು ಪ್ರಶ್ನೆಯೂ ಇದೆ, ಅದನ್ನು ನಮ್ಮಂಥವರು ಕೇಳದಿದ್ದರೆ ಯಾರೂ ಕೇಳುವುದಿಲ್ಲ. ನಮ್ಮ ಭಾಯ್ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಹೆಸರಿನಲ್ಲೇ ಹಸಿರು ಇದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಕೇಳಿದ. ಬೆಳಿಗ್ಗೆ ಫೋನಿನಲ್ಲಿ ಖಾಲಿ ಇದೆ ಎಂದವರು ಪೂರ್ತಿ ಹೆಸರು ಕೇಳಿದ ಮೇಲೆ, ನಿನ್ನೆಯೇ ಹೋಯಿತು ಎಂದರು. ಅಲ್ಲಿ ಮರಗಳಿವೆ, ನೀರು ಶುದ್ಧೀಕರಿಸುವ ಘಟಕವೂ ಇದೆ. ನೆರೆಯವನನ್ನು ಆರಿಸಿ ತೆಗೆಯುವ ಜಾಗವನ್ನು ಸಮುದಾಯ ಎಂದು ಕರೆಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ನಾವು ಸೈಟು ಕೊಳ್ಳುವ ಲೇಔಟಿನಲ್ಲಿ ಬೇರೆಯವರಿಗೆ ಬಾಗಿಲು ಹಾಕಿದರೂ ನನ್ನ ಮಾತು ಇದೇ.

ಅಬ್ಬಾ ಇದನ್ನೆಲ್ಲ ಕೇಳಿಸಿಕೊಂಡು, "ಹಳೆ ಮನೆಯ ಛಾವಣಿ ಸೋರುವುದನ್ನೂ ನಿನ್ನ ಲೆಕ್ಕದಲ್ಲಿ ಬರೆ ಬೇಟಾ" ಎಂದರು. ಬರೆದೆ. ರಿಪೇರಿಗೆ ಮೇಸ್ತ್ರಿ ಹೇಳಿದ ಮೊತ್ತ ಒಂದು ಕಡೆ, ಸೈಟಿನ ಮುಂಗಡ ಇನ್ನೊಂದು ಕಡೆ. ಚಿಕ್ಕಪ್ಪನ ಪಾಲೂ ಅದೇ ಛಾವಣಿಯ ಕೆಳಗಿದೆ, ಅವರು ಅರ್ಧ ಹಾಕಲು ಒಪ್ಪಿದರೆ ಅಂಕಿ ಬದಲಾಗುತ್ತದೆ. ಶುಕ್ರವಾರ ನಮಾಜ್ ಮುಗಿದ ಮೇಲೆ ಇಬ್ಬರೂ ಕೂತು ಮಾತಾಡುವುದಾಗಿ ಹೇಳಿದ್ದಾರೆ.